ಪಿಯುಸಿ ಅಂಕ ಕಡಿಮೆ, ಸಿಇಟಿ ಅಂಕ ಹೆಚ್ಚು: ಮುಂದೇನು?

(ಬಳಗಾನೂರಿನಲ್ಲಿ ಪಾಲಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಪಿಯುಸಿ ಫಲಿತಾಂಶ ಬಂದ ವಾರ ನಾವು ಮನೆ ಭೇಟಿಗೆ ಹೋದರೆ ಕೇಳುವುದು ಒಂದೇ ಮಾತು. “ಸಿಸ್ಟರ್, ಮಾರ್ಕ್ಸ್ ಕಡಿಮಿ ಬಂದಾವ್ರಿ. ಇನ್ನ ಓದಿಸಿ ಏನ್ ಮಾಡೋದ್ರಿ?” ಹುಡುಗನಾದರೆ ಬೆಂಗಳೂರಿಗೆ ದುಡಿಯಲು ಕಳಿಸುವ ಯೋಚನೆ, ಹುಡುಗಿಯಾದರೆ ವರ ನೋಡುವ ಯೋಚನೆ. ಸಿಇಟಿ ಫಲಿತಾಂಶ ಇನ್ನೂ ಬಂದೇ ಇರುವುದಿಲ್ಲ! ಆಮೇಲೆ ಅದೇ ಮಗು ಸಿಇಟಿಯಲ್ಲಿ ಚೆನ್ನಾಗಿ ಮಾಡಿದೆ ಎಂದು ಗೊತ್ತಾಗುತ್ತದೆ. ಅಷ್ಟೊತ್ತಿಗೆ ಮನೆಯಲ್ಲಿ ಮಾತುಕತೆ ಮುಗಿದಿರುತ್ತದೆ.

ಒಂದು ಪರೀಕ್ಷೆಯಲ್ಲಿ ಕಡಿಮೆ, ಇನ್ನೊಂದರಲ್ಲಿ ಹೆಚ್ಚು, ಇದು ಹೇಗೆ ಎಂದು ಕೇಳುತ್ತೀರಿ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಮಗು ಪಿಯುಸಿಗೆ ಬಂದು ಇಂಗ್ಲಿಷಿನಲ್ಲಿ ಪುಟಗಟ್ಟಲೆ ಉತ್ತರ ಬರೆಯಬೇಕು. ವಿಷಯ ತಲೆಯಲ್ಲಿದೆ, ಬರೆಯಲು ಬರುವುದಿಲ್ಲ. ಸಿಇಟಿಯಲ್ಲಿ ನಾಲ್ಕರಲ್ಲಿ ಸರಿಯಾದುದನ್ನು ಗುರುತಿಸಿದರೆ ಸಾಕು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಮತ್ತೊಂದು ಕಾರಣ ನಮ್ಮ ಹೊಲಗಳಲ್ಲಿದೆ. ಕಾಲುವೆಗೆ ನೀರು ಬಂದು ನೆಲ್ಲು ಹಚ್ಚೋ ಕೆಲಸ ಶುರುವಾದರೆ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಕಾಲೇಜು ಬಿಟ್ಟು ಗದ್ದೆಗಿಳಿಯುತ್ತಾರೆ. ಲ್ಯಾಬ್ ತಪ್ಪುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಒಂದೊಂದಕ್ಕೂ ಪ್ರಾಯೋಗಿಕಕ್ಕೆ 30 ಅಂಕ ಇವೆ ತಾಯಂದಿರೇ. ಆ ದಿನಗಳ ಕೂಲಿಗಿಂತ ಅದರ ಬೆಲೆ ಜಾಸ್ತಿ.

ಈಗ ಲೆಕ್ಕಕ್ಕೆ ಬರೋಣ. ಇಂಜಿನಿಯರಿಂಗ್ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪಿಯುಸಿಯ ಮೂರು ವಿಷಯಗಳ ಅಂಕದಿಂದ ಅರ್ಧ, ಸಿಇಟಿ ಅಂಕದಿಂದ ಅರ್ಧ ತೆಗೆದುಕೊಂಡು ರ್‍ಯಾಂಕ್ ಕೊಡುತ್ತದೆ. ಒಂದು ಮಗುವಿಗೆ ಸಿಇಟಿಯಲ್ಲಿ 180ಕ್ಕೆ 120, ಪಿಯುಸಿಯಲ್ಲಿ 300ಕ್ಕೆ 180 ಬಂದಿದೆ ಎನ್ನಿ. ಒಟ್ಟು ಶೇ. 63ರ ಮೇಲೆ ಸ್ವಲ್ಪ. ಇನ್ನೊಂದು ಮಗುವಿಗೆ ಸಿಇಟಿಯಲ್ಲಿ ಬರೀ 72, ಆದರೆ ಪಿಯುಸಿಯಲ್ಲಿ 276. ಅದಕ್ಕೆ ಶೇ. 66. ಎರಡನೆಯದೇ ಮುಂದೆ! ಸಿಇಟಿ ಇದೆ ಬಿಡು ಎಂದು ಪಿಯುಸಿ ಕೈಬಿಡುವವರು ಇದನ್ನು ನೆನಪಿಡಬೇಕು. 2021ರಲ್ಲಿ ಕೋವಿಡ್‌ನಿಂದ ಪಿಯುಸಿ ಪರೀಕ್ಷೆ ನಡೆಯದೆ ಸಿಇಟಿ ಒಂದರಿಂದಲೇ ರ್‍ಯಾಂಕ್ ಕೊಟ್ಟರು. ಮರುವರ್ಷ ಆ ಮಕ್ಕಳು ಮತ್ತೆ ಸಿಇಟಿ ಬರೆದಾಗ ಅವರ ಪಿಯುಸಿ ಅಂಕದ ವಿಷಯ ಹೈಕೋರ್ಟಿನವರೆಗೆ ಹೋಯಿತು. ನಮ್ಮನ್ನು ಕೇಳಿದರೆ ಈ ಅರ್ಧ ಅರ್ಧ ಲೆಕ್ಕವೇ ವಾಸಿ. ಬರೀ ಪ್ರವೇಶ ಪರೀಕ್ಷೆ ಎಂದಾದರೆ ಕೋಚಿಂಗಿಗೆ ಲಕ್ಷ ಕೊಡುವವರಿಗೇ ಲಾಭ.

ಪಿಯುಸಿ ಅಂಕ ಕಡಿಮೆಯಾದರೆ ದಾರಿ ಇದೆ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಜಾಸ್ತಿ ಬಂದದ್ದೇ ಉಳಿಯುತ್ತದೆ. ಮದುವೆ ಮಾತು ಎತ್ತುವ ಮೊದಲು ಎರಡನೇ ಪರೀಕ್ಷೆಗೆ ಫೀಸು ಕಟ್ಟಿರಿ. ಅಂಕದ ಬಗ್ಗೆ ಅನುಮಾನವಿದ್ದರೆ ಉತ್ತರ ಪತ್ರಿಕೆಯ ಪ್ರತಿ ತರಿಸಿ ನೋಡಿ, ಆಮೇಲೆ ಮರುಮೌಲ್ಯಮಾಪನಕ್ಕೆ ಹಾಕಿ.

ಡಾಕ್ಟರ್ ಆಗಬೇಕೆನ್ನುವವರ ಲೆಕ್ಕ ಬೇರೆ. ರಾಯಚೂರಿನ ರಿಮ್ಸ್ 2007ರಿಂದ ನಡೆಯುತ್ತಿದೆ, ಅಲ್ಲಿಗೆ ನೀಟ್ ರ್‍ಯಾಂಕ್ ಒಂದೇ. ಭೌತ, ರಸಾಯನ, ಜೀವಶಾಸ್ತ್ರ ಸೇರಿ ಪಿಯುಸಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 50, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಕ್ಕೆ ಶೇ. 40 ಇದ್ದರಾಯಿತು. ನೀಟ್ ಅನ್ನು ಕನ್ನಡದಲ್ಲೂ ಬರೆಯಬಹುದು. ಕಾಮೆಡ್-ಕೆ ಕೂಡ ಪರೀಕ್ಷೆಯ ಅಂಕದಿಂದಲೇ ರ್‍ಯಾಂಕ್ ಕೊಡುತ್ತದೆ, ಆದರೆ ಅಲ್ಲಿಯ ಫೀಸು ಸಿಇಟಿ ಸೀಟಿಗಿಂತ ಹೆಚ್ಚು. ಮೊದಲು ಕೇಳಿ ತಿಳಿದುಕೊಳ್ಳಿ. ಧಾರವಾಡದ ಐಐಟಿ, ನಮ್ಮ ರಾಯಚೂರಿನಲ್ಲೇ 2019ರಲ್ಲಿ ಶುರುವಾದ ಐಐಐಟಿ, ಇವುಗಳಿಗೆ ಜೆಇಇ ರ್‍ಯಾಂಕ್ ಎಷ್ಟೇ ಚೆನ್ನಾಗಿದ್ದರೂ ಪಿಯುಸಿಯಲ್ಲಿ ಶೇ. 75, ಪರಿಶಿಷ್ಟರಿಗೆ ಶೇ. 65 ಬೇಕು. ಇಲ್ಲವೇ ಬೋರ್ಡಿನ ಮೇಲಿನ ಐದನೇ ಒಂದು ಭಾಗದಲ್ಲಿರಬೇಕು. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ರೈತರ ಮಕ್ಕಳ ಕೋಟಾ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇಟ್ಟು ಬೀಜ, ಬೆಳೆ, ಸಲಕರಣೆ ಗುರುತಿಸಲು ಹೇಳುತ್ತಾರೆ. ಅದನ್ನು ನಿಮ್ಮ ಮಕ್ಕಳಿಗೆ ಯಾವ ಕೋಚಿಂಗಿನವರೂ ಕಲಿಸಬೇಕಿಲ್ಲ!

ಕೊನೆಗೆ ಕಾಗದಪತ್ರ. ರ್‍ಯಾಂಕ್ ಬಂದೂ ಇದರಲ್ಲಿ ಸೀಟು ಕಳೆದುಕೊಳ್ಳುತ್ತಾರೆ. 371(ಜೆ) ಇರುವುದರಿಂದ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನಮ್ಮ ಭಾಗದವರಿಗೆ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ಮೀಸಲು. ಪ್ರಮಾಣಪತ್ರ ಕೊಡುವುದು ಸಹಾಯಕ ಆಯುಕ್ತರು, ನಮಗೆ ಲಿಂಗಸುಗೂರು ಕಚೇರಿ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5. ಬಳಗಾನೂರು ಈಗ ಪಟ್ಟಣ ಪಂಚಾಯಿತಿ. ಆದ್ದರಿಂದ ನಿಮ್ಮ ಮಗು ಓದಿದ ಯಾವ ವರ್ಷ ಗ್ರಾಮೀಣ ಎಂದು ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಬಿಇಒ ಕಚೇರಿಯಲ್ಲಿ ಮೊದಲೇ ಕೇಳಿ, ಮುಖ್ಯೋಪಾಧ್ಯಾಯರ ಪ್ರಮಾಣಪತ್ರಕ್ಕೆ ಬಿಇಒ ಸಹಿ ಹಾಕಿಸಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ.

ಸಭೆ ಮುಗಿದ ಮೇಲೆ ನಮ್ಮ ಕಾರ್ಯಕರ್ತೆಯರು ಬಾಗಿಲ ಹತ್ತಿರ ಕೂತಿರುತ್ತಾರೆ. ಪಿಯುಸಿ ಓದುವ ಮಕ್ಕಳ ಹೆಸರು ಬರೆಸಿ ಹೋಗಿ. ಯಾವ ಕಾಗದ ಇದೆ, ಯಾವುದು ಇಲ್ಲ ಎಂಬುದನ್ನು ಇವತ್ತೇ ನೋಡಿಬಿಡೋಣ.