ಜ್ವರದ ರಾತ್ರಿ ಕಷಾಯ ಸಾಲದು

(ಹೊಸನಗರದ ಸಭೆಯಲ್ಲಿ ಆಡಿದ ಮಾತು)



ಸಾಗರ ತಾಲ್ಲೂಕಿನ ನರಸೀಪುರವನ್ನು ಅರಿಯದವರು ಈ ಸೀಮೆಯಲ್ಲಿಲ್ಲ. ವೈದ್ಯ ನಾರಾಯಣಮೂರ್ತಿಗಳು 2020ರಲ್ಲಿ ತೀರಿಕೊಳ್ಳುವವರೆಗೂ ಕ್ಯಾನ್ಸರ್ ರೋಗಿಗಳ ಕಡೆಯವರು ಮರದ ಚಕ್ಕೆಗಾಗಿ ಹಿಂದಿನ ರಾತ್ರಿಯೇ ಬಂದು ಅಲ್ಲಿ ಸಾಲುಗಟ್ಟುತ್ತಿದ್ದರು. ಅವರನ್ನು ನಾವು ಹಳಿಯುವುದಿಲ್ಲ. ದೊಡ್ಡಾಸ್ಪತ್ರೆ ದೂರ, ಖರ್ಚು ಭಾರ. ಬಡವರು ಇನ್ನೆಲ್ಲಿಗೆ ಹೋಗಬೇಕಿತ್ತು?

ಆದರೆ ಚಿಕಿತ್ಸೆಯ ನಡುವೆ ಬರುವ ಜ್ವರದ ಮಾತು ಬೇರೆ. ಕೀಮೋ ಮದ್ದು ಕ್ಯಾನ್ಸರನ್ನು ಹೊಡೆಯುವಾಗ ರಕ್ತದ ಬಿಳಿಕಣಗಳನ್ನೂ ತಗ್ಗಿಸುತ್ತದೆ. ದೇಹದ ಕಾವಲುಗಾರರು ಅವರೇ. ಕಾವಲು ತಪ್ಪಿದಾಗ ರೋಗಾಣು ನುಗ್ಗುತ್ತದೆ. ಮೈಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೆಂದರೆ ತಡಮಾಡದೆ ಆಸ್ಪತ್ರೆಗೆ ಒಯ್ದು ರಕ್ತನಾಳಕ್ಕೆ ಆಂಟಿಬಯೋಟಿಕ್ ಕೊಡಿಸಬೇಕು. ನಮ್ಮ ಸಂಗಾತಿಯೊಬ್ಬರ ಮನೆಯಲ್ಲಿ ಕಷಾಯ ಕಾಯಿಸಿ ಕುಡಿಸುತ್ತಲೇ ಬೆಳಗಾಯಿತು. ರೋಗಿ ಉಳಿಯಲಿಲ್ಲ.

ಅರಿಶಿನ, ಬೇವಿನ ಸಾರ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ರೋಗಾಣುಗಳನ್ನು ತಡೆಯುವುದು ನಿಜ. ಆದರೆ ತಟ್ಟೆ ಬೇರೆ, ರಕ್ತ ಬೇರೆ. ಕುಡಿದ ಅರಿಶಿನದ ಸತ್ವ ರಕ್ತಕ್ಕೆ ಸೇರುವುದು ಅತ್ಯಲ್ಪ. ಅಂಗಳದ ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಮದ್ದು ಬಂದಿದೆಯಲ್ಲ ಎನ್ನುವಿರಿ. ಬಂದಿದೆ, ಸತ್ವವನ್ನು ಬೇರ್ಪಡಿಸಿ, ಅಳತೆ ಗೊತ್ತುಮಾಡಿ, ರೋಗಿಗಳಲ್ಲಿ ಪರೀಕ್ಷಿಸಿದ ಮೇಲೆ. ನಮ್ಮ ಕಾಡಿನ ಬೇರು ತೊಗಟೆಗಳಿಗೂ ಸರ್ಕಾರ ಅದೇ ಪರೀಕ್ಷೆ ನಡೆಸಲಿ.

ಮಳೆಗಾಲದ ನಡುರಾತ್ರಿ ಇಲ್ಲಿಂದ ಶಿವಮೊಗ್ಗ ಮುಟ್ಟುವ ಕಷ್ಟ ನಿಮಗೇ ಗೊತ್ತು. ಮೊದಲ ಸೂಜಿಮದ್ದು ತಾಲ್ಲೂಕು ಆಸ್ಪತ್ರೆಯಲ್ಲೇ, ಯಾವ ಹೊತ್ತಿನಲ್ಲಾದರೂ, ಕಾಸಿಲ್ಲದೆ ಸಿಗಬೇಕು. ಇದು ನಮ್ಮ ಬೇಡಿಕೆ. ನೀವು ಮಾಡಬೇಕಾದ್ದೂ ಒಂದಿದೆ: ರೋಗಿಯಿರುವ ಮನೆಯಲ್ಲಿ ಥರ್ಮಾಮೀಟರ್ ಇರಲಿ. ಜ್ವರ ಕಂಡರೆ ಒಲೆ ಹಚ್ಚಬೇಡಿ, ಗಾಡಿ ಕರೆಯಿರಿ.