ನಾಟಕಕ್ಕೆ ದ್ರವ್ಯವೆಲ್ಲಿಂದ?

(ಚಳ್ಳಕೆರೆ ತಾಲ್ಲೂಕು ನನ್ನಿವಾಳದ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ನ್ಯಾಯಸ್ಥಾನದಲ್ಲಿ ಮಾತನಾಡುವಾಗ ನಮಗೆ ಎದುರುಪಕ್ಷದ ವಕೀಲರೊಬ್ಬರಿರುತ್ತಾರೆ. ಇಲ್ಲಿ ಅಂಥವರಿಲ್ಲವೆಂಬ ಧೈರ್ಯದಿಂದ ಹೊರಟು ಬಂದೆವು. ಆದರೆ ಹಣ ಕೇಳುವುದಕ್ಕೆಂದು ಎದ್ದು ನಿಂತವನಿಗೆ ಸಭೆಯೆಲ್ಲವೂ ಎದುರುಪಕ್ಷವೇ ಎಂಬುದು ಇಲ್ಲಿ ನಿಂತ ಮೇಲೆ ತಿಳಿಯಿತು. ಆದುದರಿಂದ ಮುಚ್ಚುಮರೆಯಿಲ್ಲದೆ ಮೊದಲೇ ಅರಿಕೆಮಾಡುತ್ತೇವೆ: ನಾವು ಹಣ ಕೇಳುವುದಕ್ಕಾಗಿಯೇ ಬಂದಿದ್ದೇವೆ. ಈ ಊರಿನ ಕೆಲವು ತರುಣರು ಕೂಡಿ ಒಂದು ಚಿಕ್ಕ ನಾಟಕವನ್ನಾಡಬೇಕೆಂದಿದ್ದಾರೆ. ಎರಡು ಗಂಟೆಯ ಆಟ, ಒಂಬತ್ತು ಪಾತ್ರಗಳು. ಬರಗಾಲದಲ್ಲಿ ದೇವರ ಎತ್ತುಗಳನ್ನು ಕಾಯುವ ಕಿಲಾರಿಯೊಬ್ಬನ ಕಥೆ. ಬರೆದವನೂ ಆಡುವವರೂ ನಿಮ್ಮ ಮಕ್ಕಳೇ. ಇದಕ್ಕೆ ದ್ರವ್ಯವೆಲ್ಲಿಂದ ಬರಬೇಕು, ಯಾವ ಬಗೆಯ ದ್ರವ್ಯವನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು ಎಂಬುದೇ ಇಂದಿನ ವಿಚಾರ.

ನಮ್ಮ ಸೀಮೆಗೆ ನಾಟಕವೇನೂ ಹೊಸದಲ್ಲ. ಮಳೆ ಕಡಿಮೆಯಾದ ಈ ನೆಲದಲ್ಲಿ ಬೆಳೆ ಕೈಕೊಟ್ಟ ವರ್ಷವೂ ಕುರುಕ್ಷೇತ್ರ ನಾಟಕ ನಿಲ್ಲುವುದಿಲ್ಲ. ಮನೆಯೊಳಗೆ ತೆಲುಗಾಡುವ ಎಷ್ಟೋ ಮಂದಿ ರಂಗದ ಮೇಲೆ ನಿಂತು ಕನ್ನಡದಲ್ಲಿ ಕಂದಪದ್ಯವನ್ನೆತ್ತಿದರೆ ಬಯಲೆಲ್ಲ ತಲೆದೂಗುತ್ತದೆ. 1953ರಲ್ಲಿ ಬಳ್ಳಾರಿಯು ನಮ್ಮೊಡನೆ ಕೂಡಿತು, 1956ರಲ್ಲಿ ಪ್ರಾಂತವೇ ಒಂದಾಯಿತು. ರಾಯದುರ್ಗ ಮಾತ್ರ ಆಂಧ್ರದ ಪಾಲಾಗಿ ಉಳಿಯಿತು. ಗಡಿಯನ್ನು ಸರಕಾರದವರು ಕಾಗದದ ಮೇಲೆ ಎಳೆದರು. ಇಲ್ಲಿ ಭಾಷೆಯನ್ನು ಕಾದವರಲ್ಲಿ ಹಾರ್ಮೋನಿಯಂ ಮೇಷ್ಟರಿಗೂ ಒಂದು ಪಾಲು ಸಲ್ಲತಕ್ಕದ್ದು. ಇದನ್ನು ನಾವು ಹಾಸ್ಯಕ್ಕಾಗಿ ಹೇಳುತ್ತಿಲ್ಲ.

ಆದರೆ ಆ ನಾಟಕಗಳಿಗೆ ಹಣ ಕೂಡುವ ಕ್ರಮವೆಂಥದೆಂದು ತಾವೆಲ್ಲರೂ ಬಲ್ಲಿರಿ. ಪಾತ್ರಕ್ಕೆ ಇಷ್ಟೆಂದು ಬೆಲೆ. ದುರ್ಯೋಧನನಾಗಬೇಕಾದರೆ ಹೆಚ್ಚು, ಕೃಷ್ಣನಾಗಬೇಕಾದರೆ ಅದಕ್ಕೆ ಸರಿಸಮ. ದೂತನಿಗೂ ದ್ವಾರಪಾಲಕನಿಗೂ ಅಲ್ಪ. ಆ ಹಣದಿಂದ ಮೇಷ್ಟರ ಸಂಬಳ, ಸೀನರಿಯ ಬಾಡಿಗೆ, ಕಿರೀಟ ಭುಜಕೀರ್ತಿಗಳ ಬಾಡಿಗೆ, ಸ್ತ್ರೀಪಾತ್ರಕ್ಕಾಗಿ ಹೊರಗಿನಿಂದ ಬರುವ ಕಲಾವಿದೆಯರ ಸಂಭಾವನೆ ಎಲ್ಲವೂ ನಡೆಯುತ್ತವೆ. ಆಟದ ರಾತ್ರಿ ನಂಟರಿಷ್ಟರು ರಂಗವನ್ನೇರಿ ಹಾರ ಹಾಕಿ ಮುಯ್ಯಿ ಮಾಡುತ್ತಾರೆ. ಅವರ ಹೆಸರುಗಳನ್ನು ಮೈಕಿನಲ್ಲಿ ಓದಿ ಮುಗಿಸುವವರೆಗೂ ಭೀಮಸೇನನು ಗದೆಯನ್ನು ನೆಲಕ್ಕೂರಿ ಕಾದಿರಬೇಕು. ಇದರಲ್ಲಿ ಒಂದು ಅಂದವಿದೆ, ನಾವು ಅಲ್ಲಗಳೆಯುವುದಿಲ್ಲ. ನೆರೆಹೊರೆಯವರು ಒಬ್ಬರ ಹೊರೆಯನ್ನು ಹತ್ತು ಕೈಗಳಿಂದ ಎತ್ತುವ ಪದ್ಧತಿಯದು.

ದೋಷವಿರುವುದು ಪಾತ್ರದ ಬೆಲೆಯಲ್ಲಿ. ಹಟ್ಟಿಯ ಹುಡುಗನೊಬ್ಬನನ್ನು ನಾವು ಬಲ್ಲೆವು. ಕುರಿಯ ಹಿಂದೆ ನಡೆಯುತ್ತ ಇಡೀ ನಾಟಕವನ್ನು ಬಾಯಿಪಾಠ ಮಾಡಿಕೊಂಡಿದ್ದನು. ಕಂಠವೋ, ಎರಡು ಹೊಲದಾಚೆಗೂ ಕೇಳುವಂಥದು. ಅವನಿಗೆ ದೊರೆತ ಕೆಲಸ ಪರದೆ ಎಳೆಯುವುದು. ದುರ್ಯೋಧನನ ಪಾತ್ರವು ಹಣವುಳ್ಳವರ ಪಾಲಾಗಿತ್ತು. ಅವರು ಮಾತು ಮರೆತಾಗಲೆಲ್ಲ ಈ ಹುಡುಗನು ಪರದೆಯ ಮರೆಯಿಂದ ಹೇಳಿಕೊಡುತ್ತಿದ್ದನು. ಸಭಿಕರು ನಕ್ಕರು, ನಾವೂ ನಕ್ಕೆವು. ಮನೆಗೆ ಹೋದ ಮೇಲೆ ಆ ನಗು ನಮಗೆ ಬಹುದಿನ ಚುಚ್ಚುತ್ತಿತ್ತು.

ನಾಯಕನಹಟ್ಟಿಯ ಜಾತ್ರೆಯಲ್ಲಿ ತಿಪ್ಪೇರುದ್ರಸ್ವಾಮಿಯ ಮುಕ್ತಿಬಾವುಟವನ್ನು ಹರಾಜು ಹಾಕುವುದನ್ನು ತಾವು ಪ್ರತಿವರ್ಷ ನೋಡುತ್ತೀರಿ. ಲಕ್ಷಗಟ್ಟಲೆ ಕೂಗಿ ಹಿಡಿದವರು ಅದನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಅದು ಸರಿ, ಬಾವುಟಕ್ಕೆ ಅಭಿನಯಿಸಬೇಕಾದ ಹೊಣೆಯಿಲ್ಲ, ಯಾರ ಕೈಗೆ ಹೋದರೂ ಅದು ಬಾವುಟವೇ. ಪಾತ್ರವು ಹಾಗಲ್ಲ. ತಪ್ಪು ಕೈಗೆ ಹೋದರೆ ಅದು ಪಾತ್ರವಾಗಿ ಉಳಿಯುವುದಿಲ್ಲ.

ಹಾಗಾದರೆ ಒಬ್ಬ ದೊಡ್ಡ ಮನುಷ್ಯನನ್ನು ಹಿಡಿದರೆ ಸಾಲದೆ, ಎಂದು ಹಿಂದಿನ ಸಾಲಿನಲ್ಲಿ ಒಬ್ಬರು ಪಿಸುಗುಟ್ಟುತ್ತಿದ್ದಾರೆ. ಆ ಪ್ರಯೋಗವನ್ನು ನಾವು ಮಾಡಿ ನೋಡಿದ್ದೇವೆ, ಸ್ವಾಮಿ. ಹಿಂದೊಮ್ಮೆ ಒಬ್ಬ ಧನಿಕರು ನಮ್ಮ ನಾಟಕದ ಖರ್ಚನ್ನೆಲ್ಲ ತಾವೇ ಹೊರುವೆವೆಂದರು. ಮೊದಲ ವಾರ ಕೇಳಿದ್ದು ಕರಪತ್ರದಲ್ಲಿ ತಮ್ಮ ಹೆಸರು. ಎರಡನೆಯ ವಾರ ರಂಗದ ಮೇಲ್ಗಡೆ ತಮ್ಮ ಚಿತ್ರಪಟ. ಮೂರನೆಯ ವಾರ ಸಾಹುಕಾರನ ಪಾತ್ರವನ್ನು ಕೊಂಚ ಮೆತ್ತಗೆ ಮಾಡಬಾರದೇ ಎಂದರು. ನಾವು ಆ ಪಾತ್ರವನ್ನು ಮೆತ್ತಗೆ ಮಾಡಿದೆವು. ನಾಟಕವೂ ಮೆತ್ತಗಾಯಿತು. ಅವರನ್ನು ದೂರುವುದಿಲ್ಲ, ಒಪ್ಪಿದವರು ನಾವೇ.

ಐರ್ಲೆಂಡಿನ ಡಬ್ಲಿನ್ ನಗರದಲ್ಲಿ 1904ರಲ್ಲಿ ಅಬ್ಬೀ ಎಂಬ ನಾಟಕಶಾಲೆ ತೆರೆಯಿತು. ಪರಾಧೀನವಾಗಿದ್ದ ಆ ದೇಶದ ಜನರು ತಮ್ಮ ಬಾಳನ್ನು ತಾವೇ ರಂಗದ ಮೇಲೆ ಕಾಣಬೇಕೆಂದು ಕಟ್ಟಿದ ಸಂಸ್ಥೆ. ಅದಕ್ಕೆ ಹಣವಿತ್ತವರು ಚಹದ ವ್ಯಾಪಾರದಿಂದ ಶ್ರೀಮಂತವಾಗಿದ್ದ ಇಂಗ್ಲಿಷ್ ಮನೆತನದ ಹಾರ್ನಿಮನ್ ಎಂಬ ಮಹಿಳೆ. ಆಕೆಯ ಔದಾರ್ಯ ಸಣ್ಣದಲ್ಲ. ಆದರೆ 1910ರ ಮೇ ತಿಂಗಳಲ್ಲಿ ಏಳನೆಯ ಎಡ್ವರ್ಡ್ ದೊರೆ ತೀರಿಕೊಂಡಾಗ ಅಬ್ಬೀಯಲ್ಲಿ ಆಟ ನಿಲ್ಲಲಿಲ್ಲ. ಆಕೆ ಕ್ಷಮಾಪಣೆ ಬಯಸಿದಳು. ಕೊನೆಗೆ ಧನಸಹಾಯ ನಿಂತಿತು. ನಾಟಕಶಾಲೆಯವರು ಬಹಳ ಕಷ್ಟಪಟ್ಟರು, ಮುಚ್ಚಲಿಲ್ಲ. 1925ರಲ್ಲಿ ಅವರದೇ ಸ್ವತಂತ್ರ ಸರಕಾರವು ವರ್ಷಕ್ಕೆ 850 ಪೌಂಡು ಕೊಡಲು ಮುಂದೆ ಬಂದಿತು. ನಡುವಣ ಹದಿನೈದು ವರ್ಷಗಳನ್ನು ತಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಮ್ಮ ಕೋರಿಕೆ.

ಅಷ್ಟು ದೂರವೇಕೆ? ಮಲೆನಾಡಿನ ಹೆಗ್ಗೋಡೆಂಬ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ 1985ರಿಂದ ತಿರುಗಾಟ ನಡೆಸುತ್ತಿದೆ. ನಮ್ಮ ಜಿಲ್ಲೆಯದೇ ಆದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಿಂದ ಶಿವಸಂಚಾರವು ಊರೂರು ತಿರುಗುತ್ತಿದೆ. ಇವೆಲ್ಲ ದೊಡ್ಡ ಸಂಸ್ಥೆಗಳು. ನಮ್ಮದು ಒಂಬತ್ತು ಮಂದಿ ಮತ್ತು ಒಂದು ಡೋಲು. ಆದರೂ ಅವು ಮೊದಲಿಟ್ಟಾಗ ಹಳ್ಳಿಗಳಲ್ಲಿಯೇ ಮೊದಲಿಟ್ಟವು.

ಇನ್ನು ಲೆಕ್ಕ. ದೀಪ ಮತ್ತು ಧ್ವನಿಗೆ 15,000 ರೂಪಾಯಿ. ಉಡುಪಿಗೆ 8,000. ತಾಲೀಮಿನ ದಿನಗಳ ಊಟಕ್ಕೆ 10,000. ವಾದ್ಯಗಾರರಿಗೆ 9,000. ಕರಪತ್ರ, ಗಾಡಿ, ಸಣ್ಣಪುಟ್ಟ ಖರ್ಚಿಗೆ 6,000. ಒಟ್ಟು 48,000. ಸೀನರಿ ತರಿಸುವುದಿಲ್ಲ; ಕಿಲಾರಿಯ ಕಥೆಗೆ ಅರಮನೆಯ ಪರದೆಯೇಕೆ? ಟಿಕೆಟ್ಟೂ ಇಲ್ಲ. ಗುಬ್ಬಿ ಕಂಪನಿಯವರಿಗೆ ಟಿಕೆಟ್ಟಿನಿಂದ ನಡೆಯಿತು, ಅವರಿಗೆ ಕೊಟ್ಟಿಗೆಯೂ ಬಾಗಿಲೂ ಇದ್ದವು. ಬಯಲಿಗೆ ಬಾಗಿಲು ಹಾಕುವುದು ಹೇಗೆ? ಮುನ್ನೂರು ಮನೆಗಳವರು ಕೂಡಿದರೆ ಮನೆಗೆ 160 ರೂಪಾಯಿ ಬೀಳುತ್ತದೆ. ಅಷ್ಟು ಕೊಡಲಾರದವರು ಒಂದು ಸೇರು ರಾಗಿಯನ್ನೋ ಶೇಂಗಾವನ್ನೋ ಕೊಡಬಹುದು. ತಾಲೀಮಿನ ಅಡಿಗೆಗೆ ಅದೂ ಹಣವೇ. ಒಂದು ಮನೆಯಿಂದ 1,000 ರೂಪಾಯಿಗೆ ಮೇಲೆ ತೆಗೆದುಕೊಳ್ಳುವುದಿಲ್ಲ. ಇದನ್ನು ಕೇಳಿ ಕೆಲವರಿಗೆ ಸಂತೋಷವಾಗಿರುವುದು ಮುಖದಲ್ಲಿಯೇ ಕಾಣುತ್ತಿದೆ.

ಹೊಟ್ಟೆಗಿಲ್ಲದ ವರ್ಷ ನಾಟಕಕ್ಕೆ ಕೊಡುವುದು ನ್ಯಾಯವೇ ಎಂದು ಒಬ್ಬ ಅಜ್ಜನವರು ನಿನ್ನೆ ನಮ್ಮನ್ನು ಕೇಳಿದರು. ಪ್ರಶ್ನೆ ಭಾರವಾದದ್ದು. ಉತ್ತರವನ್ನು ನಾವು ಈ ಊರಿನಿಂದಲೇ ಕಲಿತೆವು. ದೇವರ ಎತ್ತುಗಳನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ. ಲಾಭದ ಮಾತಿನಲ್ಲಿ ಅವು ನಿರುಪಯೋಗಿಗಳು. ಆದರೂ ಬರ ಬಂದಾಗ ಜನರು ಅವಕ್ಕೆ ಮೇವು ಹೊತ್ತು ತರುತ್ತಾರೆ. ಕಿಲಾರಿಗಳು ತಾವು ಹಸಿದರೂ ಅವನ್ನು ಬಿಟ್ಟು ಕದಲುವುದಿಲ್ಲ. ಹಾಗೆ ಹೇಳಿದಾಗ ಅಜ್ಜನವರು ಸುಮ್ಮನಿದ್ದು, ಎತ್ತಿಗೆ ಹೋಲಿಸಿದಿರಲ್ಲ, ಹುಡುಗರು ಅಷ್ಟು ಶಿಸ್ತಿನಲ್ಲಿರುವರೋ ಎಂದು ಕೇಳಿದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ತಾಲೀಮಿಗೆ ಬಂದು ತಾವೇ ನೋಡಬೇಕೆಂದು ಬೇಡಿಕೊಂಡಿದ್ದೇವೆ.

ವಕೀಲನ ಜಾತಿಗುಣ, ಒಂದು ಷರತ್ತು ಉಳಿದಿದೆ. ಪ್ರತಿ ಕಾಸಿಗೂ ರಸೀದಿ ಇರತಕ್ಕದ್ದು. ಹಣವು ನಮ್ಮ ಕೈಯಲ್ಲಾಗಲಿ ನಟರ ಕೈಯಲ್ಲಾಗಲಿ ಇರಕೂಡದು. ಶಾಲೆಯ ಇಬ್ಬರು ಉಪಾಧ್ಯಾಯರೂ ಕಟ್ಟೆಮನೆಯವರು ನೇಮಿಸುವ ಒಬ್ಬ ಹಿರಿಯರೂ ಕೂಡಿ ಇಟ್ಟುಕೊಳ್ಳಲಿ. ಆಟ ಮುಗಿದು ದೀಪವಾರಿಸುವ ಮೊದಲೇ ಜಮಾ ಖರ್ಚನ್ನು ರಂಗದ ಮೇಲೆ ನಿಂತು ಓದಬೇಕು. ದಾನಿಗಳ ಹೆಸರನ್ನು ಆಟದ ನಡುವೆ ಓದುವುದಿಲ್ಲ. ಈ ಸಲ ಯಾವ ಭೀಮನೂ ಕಾಯಬೇಕಾಗಿಲ್ಲ. ಮಿಕ್ಕ ಹಣವಿದ್ದರೆ ಅದು ಎತ್ತುಗಳ ಮೇವಿಗೆ.

ಆ ಹಟ್ಟಿಯ ಹುಡುಗನ ವಿಷಯ ಹೇಳುವುದನ್ನು ಮರೆತೆವು. ಈಗ ಅವನು ಎರಡು ಮಕ್ಕಳ ತಂದೆ. ಕಿಲಾರಿಯ ಪಾತ್ರ ಅವನದು. ಅವನಿಂದ ಪಾತ್ರಕ್ಕೆಂದು ಏನನ್ನೂ ಕೇಳಿಲ್ಲ. ಆದರೂ ಇಂದು ಸಂಜೆ ಸಭೆಗೆ ಮೊದಲೇ ಬಂದು ಎಲ್ಲರಂತೆ ತನ್ನ ಮನೆಯ 160 ರೂಪಾಯಿ ಕೊಟ್ಟು ರಸೀದಿ ಪಡೆದಿದ್ದಾನೆ. ಒಂದನೆಯ ನಂಬರಿನ ರಸೀದಿ ಅವನದು. ಎರಡನೆಯದರಿಂದ ಮುಂದಿನ ಹಾಳೆಗಳೆಲ್ಲ ಖಾಲಿಯಾಗಿವೆ. ಪುಸ್ತಕವು ಇಲ್ಲಿ ಮೇಜಿನ ಮೇಲಿದೆ.