ಸುದ್ದಿಯೂ ನುಡಿಚಿತ್ರವೂ



ಸುದ್ದಿಗೂ ನುಡಿಚಿತ್ರಕ್ಕೂ ಭೇದವೇನೆಂದು ನಾವು ಒಮ್ಮೆ ತರಗತಿಯಲ್ಲಿ ಕೇಳಿದೆವು. ವಿದ್ಯಾರ್ಥಿಯೊಬ್ಬನು, "ಸುದ್ದಿಗೆ ಅಲಂಕಾರ ತೊಡಿಸಿದರೆ ನುಡಿಚಿತ್ರ" ಎಂದು ಉತ್ತರವಿತ್ತನು. ಉತ್ತರವೇನೋ ಚಮತ್ಕಾರವಾಗಿದೆ, ಆದರೆ ನಿಜವೆ? ಒಂದು ನಿದರ್ಶನವನ್ನು ಹಿಡಿದು ವಿಚಾರಿಸೋಣ.

2024ನೆಯ ಇಸವಿ ಆಗಸ್ಟ್ 10ರ ರಾತ್ರಿ, ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಆಗ ಜಲಾಶಯ ತುಂಬಿದ್ದಿತು. ಒತ್ತಡವನ್ನು ತಗ್ಗಿಸುವುದಕ್ಕಾಗಿ ಇತರ ಗೇಟುಗಳನ್ನೂ ತೆರೆದು ನದಿಗೆ ನೀರು ಬಿಡಬೇಕಾಯಿತು. ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟನ್ನು ಕೂಡಿಸಿದರು.

ಇದು ಸುದ್ದಿ. ಏನು, ಎಲ್ಲಿ, ಎಂದು, ಹೇಗೆ ಎಂಬ ಪ್ರಶ್ನೆಗಳಿಗೆ ಇದರಲ್ಲಿ ಉತ್ತರವಿದೆ. ಮುಖ್ಯವಾದದ್ದು ಮೊದಲು ಬರುತ್ತದೆ. ಸ್ಥಳ ಸಾಲದಿದ್ದರೆ ಸಂಪಾದಕರು ಬಾಲವನ್ನು ಕತ್ತರಿಸಬಹುದು, ತಲೆಗೆ ಅಪಾಯವಿಲ್ಲ. ಮರುದಿನ ಹೊಸ ಸುದ್ದಿ ಬಂದೊಡನೆ ಇದು ಹಳತಾಗುತ್ತದೆ.

ಇನ್ನು ಗಂಗಾವತಿಯ ಸೀಮೆಯ ಸಿದ್ದಾಪುರಕ್ಕೆ ಹೋಗೋಣ. ಗೇಟು ಮುರಿದ ಸದ್ದು ಅಲ್ಲಿಗೆ ಕೇಳಿಸದು. ಆದರೂ ಆ ನಾಡಿನ ಭತ್ತಕ್ಕೆ ಎಡದಂಡೆಯ ಕಾಲುವೆಯೇ ಜೀವ. ನುಡಿಚಿತ್ರವನ್ನು ಬರೆಯತಕ್ಕವನು ಅಣೆಕಟ್ಟಿನ ಮೇಲೆ ನಿಲ್ಲದೆ ಈ ಗದ್ದೆಯ ಬದುವಿನ ಮೇಲೆ ಬಂದು ನಿಲ್ಲುತ್ತಾನೆ. ನಾಟಿಗೆ ಕೊಟ್ಟ ಕೂಲಿ ಎಷ್ಟು, ಗೊಬ್ಬರಕ್ಕೆ ತಂದ ಸಾಲ ಯಾರದು, ನೀರು ನಿಂತರೆ ನಾಟಿಯ ಹೆಂಗಸರಿಗೂ ಅಕ್ಕಿಗಿರಣಿಯ ಹಮಾಲರಿಗೂ ಗತಿಯೇನು ಎಂದು ವಿಚಾರಿಸುತ್ತಾನೆ. ಅವನ ಕಾಲಗಣನೆಯೂ ಬೇರೆ. ಸುದ್ದಿ ಆ ರಾತ್ರಿಯಿಂದ ಆರಂಭವಾದರೆ, ನುಡಿಚಿತ್ರವು ಅಣೆಕಟ್ಟು ಮುಗಿದ 1953ರಿಂದ ಆರಂಭವಾಗಬಹುದು. ಜೋಳದ ಹೊಲಗಳು ಭತ್ತದ ಗದ್ದೆಗಳಾದದ್ದು, ಆಂಧ್ರದ ಕರಾವಳಿಯಿಂದ ಬಂದ ರೈತರು 'ಕ್ಯಾಂಪು'ಗಳನ್ನು ಕಟ್ಟಿ ನೆಲೆಸಿದ್ದು, ಕಾಲುವೆಯ ಮೇಲ್ಭಾಗದವರು ಹೆಚ್ಚು ನೀರು ಬಳಸಿದಂತೆ ರಾಯಚೂರಿನ ಕಡೆಯ ಕೊನೆಭಾಗದವರು ಬಾಯಾರಿದ್ದು, ಇವೆಲ್ಲ ಅದರ ಒಡಲೊಳಗೆ ಸೇರುತ್ತವೆ. ಇದರ ಬಾಲವನ್ನು ಕತ್ತರಿಸಿದರೆ ಪ್ರಾಣವೇ ಹೋದೀತು. ಏಕೆಂದರೆ ಅರ್ಥವು ಕೊನೆಯಲ್ಲಿಯೇ ಕೈಗೆ ಸಿಕ್ಕುವುದು.

ಹಾಗಾದರೆ ನುಡಿಚಿತ್ರಕಾರನು ಕಲ್ಪನೆಗೆ ಲಗಾಮು ಬಿಡಬಹುದೆ? ಕೂಡದು. ಕಾಣದ ಕಣ್ಣೀರನ್ನು ರೈತನ ಕಣ್ಣಿನಲ್ಲಿ ತರುವುದೂ, ಆಡದ ಮಾತನ್ನು ಅವನ ಬಾಯಲ್ಲಿ ಇಡುವುದೂ ಸುಳ್ಳುಸುದ್ದಿಯಷ್ಟೇ ದೋಷ. ಬರವಣಿಗೆಯ ಧಾಟಿಗೆ ಸ್ವಾತಂತ್ರ್ಯವುಂಟು, ಸಂಗತಿಗೆ ಇಲ್ಲ. ಆದುದರಿಂದಲೇ ನಮ್ಮ ವಿದ್ಯಾರ್ಥಿಯ ಉತ್ತರ ಸಲ್ಲದು. ನುಡಿಚಿತ್ರಕ್ಕೆ ಬೇಕಾದದ್ದು ಹೆಚ್ಚಿನ ಒಡವೆಯಲ್ಲ, ಹೆಚ್ಚಿನ ವಿಚಾರಣೆ.

1843ರಲ್ಲಿ 'ಮಂಗಳೂರ ಸಮಾಚಾರ' ಹೊರಟಂದಿನಿಂದ ನಮ್ಮ ಪತ್ರಿಕೆಗಳು ವರ್ತಮಾನವನ್ನು ಮನೆಬಾಗಿಲಿಗೆ ತಂದಿವೆ. ಆದರೆ ವರ್ತಮಾನಕ್ಕೆ ಒಂದು ಕುಂದುಂಟು: ಅದು ಘಟನೆಗಾಗಿ ಕಾದಿರಬೇಕು. ಗೇಟು ಕೊಚ್ಚಿಹೋದದ್ದು ಒಂದು ರಾತ್ರಿಯ ಸುದ್ದಿ. ಎಪ್ಪತ್ತು ವರ್ಷಗಳ ಅಣೆಕಟ್ಟು ಮೆಲ್ಲಮೆಲ್ಲನೆ ಮುಪ್ಪಾಗುವುದು ಯಾವ ದಿನದ ಸುದ್ದಿಯೂ ಅಲ್ಲ. ಅದನ್ನು ಹೇಳಲು ನುಡಿಚಿತ್ರವೊಂದೇ ದಾರಿ. ಅದು ಗೇಟು ಮುರಿಯುವ ಮೊದಲೇ ಬಂದಿತೆಂದರೆ, ಸಿದ್ದಾಪುರದ ರೈತನಿಗೆ ಅದಕ್ಕಿಂತ ದೊಡ್ಡ ಉಪಕಾರ ಪತ್ರಿಕೆಯಿಂದ ಆಗಲಾರದು.